ಮೇದಸ್ಸು ಹೋಯಿತು, ಚರ್ಮ ಉಳಿಯಿತು

ದೇಹದ ಹೆಚ್ಚುವರಿ ಮೇದಸ್ಸನ್ನು ನಳಿಕೆಯ ಮೂಲಕ ಹೀರಿ ತೆಗೆಯುವ ಲೈಪೋಸಕ್ಷನ್ ಶಸ್ತ್ರಕ್ರಿಯೆ ಇಂದು ಮುಂಬಯಿ, ಪುಣೆ, ಹೈದರಾಬಾದುಗಳ ಮಧ್ಯಮವರ್ಗದ ಮನೆಗಳಿಗೂ ಅಪರಿಚಿತವಲ್ಲ. ಆದರೆ ಒಳತೊಡೆಯ ಮೇದಸ್ಸನ್ನು ತೆಗೆಸಿಕೊಂಡವರಲ್ಲಿ ಕೆಲವರು, ಬಾವು ಇಳಿದ ಮೇಲೆ ಹೊಸದೊಂದು ಚಿಂತೆಗೆ ಒಳಗಾಗುತ್ತಾರೆ. ತೊಡೆ ಸಣ್ಣದಾಗಿದೆ, ಚರ್ಮ ಮಾತ್ರ ಜೋಲುಬಿದ್ದಿದೆ. ನಡೆಯುವಾಗ ಮಡಿಕೆಗಳು ಒಂದಕ್ಕೊಂದು ಉಜ್ಜಿ, ಬೆವರಿನಿಂದ ಕೆಂಪಾಗಿ ಉರಿಯುತ್ತವೆ. ಸಂಕೋಚದ ಭಾಗವಾದುದರಿಂದ ಮನೆಯವರೊಡನೆಯೂ ಹೇಳಿಕೊಳ್ಳದೆ, ಜಾಹೀರಾತುಗಳನ್ನು ನಂಬಿ ಎರಡನೆಯ ಬಾರಿ ಹಣ ತೆರುವವರೂ ಉಂಟು.

ದಿಂಬಿನಿಂದ ಹತ್ತಿಯನ್ನು ತೆಗೆದರೆ ಅದರ ಗವಸು ತಾನಾಗಿ ಚಿಕ್ಕದಾಗುವುದಿಲ್ಲ. ಚರ್ಮವು ಗವಸಿನಂತೆ ನಿರ್ಜೀವವಲ್ಲವಾದ್ದರಿಂದ ಒಂದಿಷ್ಟು ಸಂಕುಚಿಸುತ್ತದೆ, ಅಷ್ಟೆ. ಈ ಸಂಕೋಚನಶಕ್ತಿ ವಯಸ್ಸಿನೊಡನೆ ಕುಂದುತ್ತದೆ. ತೂಕದ ದೊಡ್ಡ ಏರಿಳಿತಗಳಿಂದಲೂ ಧೂಮಪಾನದಿಂದಲೂ ಕುಂದುತ್ತದೆ. ಒಳತೊಡೆಯ ಚರ್ಮವಂತೂ ಹೊರತೊಡೆಯದಕ್ಕಿಂತ ತೆಳುವಾದುದು, ಬಿಗಿ ಕಡಿಮೆಯಾದುದು. ಆದುದರಿಂದಲೇ ಅನುಭವಿ ವೈದ್ಯರು ಅಲ್ಲಿಂದ ಮೇದಸ್ಸನ್ನು ತೆಗೆಯುವಾಗ ಕೈಹಿಡಿತ ತೋರುತ್ತಾರೆ.

ಈ ವಿದ್ಯೆಯ ಪೂರ್ವಚರಿತ್ರೆ ಸುಖಕರವಾದುದಲ್ಲ. 1920ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ನರ್ತಕಿಯೊಬ್ಬಳ ಕಾಲಿನ ಮೇದಸ್ಸನ್ನು ಕೆರೆದು ತೆಗೆಯಲು ಹೋಗಿ, ರಕ್ತನಾಳಕ್ಕೆ ಪೆಟ್ಟಾಗಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾಯಿತು. 1970ರ ದಶಕದಲ್ಲಿ ಇಟಲಿಯ ಫಿಷರ್ ತಂದೆ ಮಕ್ಕಳು ಹೀರುವ ಉಪಕರಣವನ್ನು ರೂಪಿಸಿದರು; ಫ್ರಾನ್ಸಿನ ಇಲ್ಲೂಜ್ ಮೊಂಡುತುದಿಯ ನಳಿಕೆಯನ್ನು ಬಳಕೆಗೆ ತಂದರು. ಅಮೆರಿಕದ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ಅರಿವಳಿಕೆಯ ದ್ರಾವಣವನ್ನು ಮೇದಸ್ಸಿನೊಳಗೆ ತುಂಬಿ ರಕ್ತಸ್ರಾವವನ್ನು ಬಹುಮಟ್ಟಿಗೆ ತಗ್ಗಿಸಿದರು. ಇವೆಲ್ಲವೂ ಮೇದಸ್ಸಿನ ಸಮಸ್ಯೆಗೆ ದೊರೆತ ಉತ್ತರಗಳು. ಚರ್ಮದ ಪ್ರಶ್ನೆ ಹಾಗೆಯೇ ಉಳಿಯಿತು.

ಜೋತುಬಿದ್ದ ಚರ್ಮಕ್ಕೆ ಮೊದಲ ಚಿಕಿತ್ಸೆಯೆಂದರೆ ಕಾಯುವುದು. ಬಾವು ಪೂರ್ತಿ ಇಳಿದು ಚರ್ಮ ತನ್ನ ಶಕ್ತ್ಯನುಸಾರ ಬಿಗಿಯಲು ಆರು ತಿಂಗಳಿಂದ ಒಂದು ವರ್ಷ ಬೇಕು. ಮೂರನೆಯ ತಿಂಗಳಲ್ಲಿಯೇ ಅವಸರದಿಂದ ಮತ್ತೊಮ್ಮೆ ಮೇದಸ್ಸು ತೆಗೆಸಿದರೆ ಸಡಿಲತೆ ಹೆಚ್ಚುವುದೇ ಸರಿ. ವ್ಯಾಯಾಮದಿಂದ ಸ್ನಾಯು ಬಲಿಯುತ್ತದೆ, ಚರ್ಮ ಚಿಕ್ಕದಾಗದು. ತೈಲಲೇಪನದಿಂದ ಚರ್ಮ ಮೃದುವಾದೀತು, ಅಷ್ಟರಲ್ಲಿಯೇ ಅದರ ಗುಣ ಮುಗಿಯಿತು. ರೇಡಿಯೋ ತರಂಗಗಳಿಂದ ಚರ್ಮದಡಿ ಕಾವು ಕೊಟ್ಟು ಬಿಗಿಸುವ ಯಂತ್ರಗಳು ಅಲ್ಪ ಸಡಿಲತೆಗೆ ಉಪಯೋಗವಾಗಬಹುದು. ಬೆರಳಿನಲ್ಲಿ ಹಿಡಿಯಬಹುದಾದ ಮಡಿಕೆಗಳು ಅವುಗಳಿಗೆ ಬಗ್ಗುವುದಿಲ್ಲ.

ಅಂಥ ಮಡಿಕೆಗಳಿಗೆ ಉಳಿಯುವುದು ಚರ್ಮವನ್ನೇ ಕತ್ತರಿಸಿ ತೆಗೆಯುವ ತೊಡೆ ಎತ್ತುವ ಶಸ್ತ್ರಕ್ರಿಯೆ. ಇಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಸಡಿಲತೆ ತೊಡೆಯ ಮೇಲಣ ಮೂರನೆಯ ಒಂದು ಭಾಗದಲ್ಲಿ ಮಾತ್ರ ಇದ್ದರೆ, ತೊಡೆಸಂದಿಯ ಗೆರೆಯಲ್ಲಿಯೇ ಅರ್ಧಚಂದ್ರಾಕಾರವಾಗಿ ಚರ್ಮವನ್ನು ತೆಗೆದು ಮೇಲಕ್ಕೆಳೆದು ಹೊಲಿಯುತ್ತಾರೆ. ಕಲೆ ಬಟ್ಟೆಯೊಳಗೆ ಮರೆಯಾಗುತ್ತದೆ. ಸಡಿಲತೆ ಮೊಣಕಾಲಿನತ್ತ ಇಳಿದಿದ್ದರೆ ಈ ಚಿಕ್ಕ ಗಾಯದಿಂದ ಪ್ರಯೋಜನವಿಲ್ಲ. ಆಗ ಒಳತೊಡೆಯ ಉದ್ದಕ್ಕೂ ಲಂಬವಾಗಿ ಕತ್ತರಿಸಿ, ಸುತ್ತಳತೆಯನ್ನೇ ಕಡಿಮೆ ಮಾಡಬೇಕು. ಉದ್ದನೆಯ ಕಲೆ ಜೀವನಪರ್ಯಂತ ಉಳಿಯುತ್ತದೆ. ಚಿಕ್ಕ ಕಲೆಯ ಆಸೆಯಿಂದ ಮೊದಲನೆಯದನ್ನು ಆರಿಸಿಕೊಂಡು, ಕೆಳಗಿನ ಚರ್ಮ ಹಾಗೆಯೇ ಇರುವುದನ್ನು ಕಂಡು ಮರುಗುವುದಕ್ಕಿಂತ, ಯಾವ ಕಲೆಗೆ ಎಷ್ಟು ಫಲ ಎಂಬ ಜಮಾಖರ್ಚನ್ನು ಮೊದಲೇ ಹಾಕಿ ನೋಡುವುದು ಲೇಸು.

ತೊಡೆ ಎತ್ತುವ ಕ್ರಮವನ್ನು 1957ರಲ್ಲಿಯೇ ಲೂಯಿಸ್ ಎಂಬ ವೈದ್ಯರು ವಿವರಿಸಿದ್ದರು. ಆದರೆ ತೊಡೆಯ ಭಾರಕ್ಕೆ ಹೊಲಿಗೆ ಜಗ್ಗಿ, ಕಲೆ ಕೆಳಗಿಳಿದು, ಜನನಾಂಗದ ಅಂಚು ಎಳೆದಂತಾಗುವ ದೋಷ ಬಹುಕಾಲ ಕಾಡಿತು. 1988ರಲ್ಲಿ ಅಮೆರಿಕದ ಟೆಡ್ ಲಾಕ್‌ವುಡ್, ಚರ್ಮದ ಭಾರವನ್ನು ಚರ್ಮದ ಮೇಲೆಯೇ ಹೊರಿಸದೆ, ತೊಡೆಸಂದಿಯ ಆಳದಲ್ಲಿರುವ ಕೋಲೀಸ್ ಪೊರೆ ಎಂಬ ಗಟ್ಟಿ ಪದರಕ್ಕೆ ಹೊಲಿದು ನಿಲ್ಲಿಸುವ ವಿಧಾನವನ್ನು ಪ್ರಕಟಿಸಿದರು. ಗೂಟಕ್ಕೆ ಕಟ್ಟಿದ ಹಗ್ಗ ಜಾರದಿರುವಂತೆ, ಈ ಕ್ರಮದಲ್ಲಿ ಕಲೆ ಜಾರುವುದು ಕಡಿಮೆಯಾಯಿತು, ಪೂರ್ತಿ ನಿಂತಿತೆನ್ನಲಾಗದು.

ಅಪಾಯಗಳನ್ನು ಮುಚ್ಚಿಡುವುದು ಸಲ್ಲದು. ತೊಡೆಸಂದಿ ಸದಾ ತೇವದ, ಸದಾ ಚಲಿಸುವ ಜಾಗ. ಹೊಲಿಗೆ ಅಲ್ಲಲ್ಲಿ ಬಿಚ್ಚಿಕೊಳ್ಳುವುದು, ಸೋಂಕು, ಚರ್ಮದಡಿ ದ್ರವ ಸಂಗ್ರಹವಾಗುವುದು ಅಪರೂಪವಲ್ಲ. ಒಳತೊಡೆಯಲ್ಲಿ ದುಗ್ಧನಾಳಗಳು ಹಾಯುವುದರಿಂದ ಕತ್ತರಿ ಆಳಕ್ಕೆ ಹೋದರೆ ಕಾಲು ಬಹುಕಾಲ ಊದಿಕೊಳ್ಳಬಹುದು. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇರುವುದರಿಂದ ರೋಗಿಯನ್ನು ಬೇಗನೆ ಎಬ್ಬಿಸಿ ನಡೆಸುತ್ತಾರೆ. ನಮ್ಮವರ ಕಂದುಬಣ್ಣದ ಚರ್ಮದಲ್ಲಿ ಕಲೆ ದಪ್ಪಗಟ್ಟುವ ಸಂಭವ ಹೆಚ್ಚು. ಮಧುಮೇಹ ಹತೋಟಿಯಲ್ಲಿಲ್ಲದವರೂ ತೂಕ ಇನ್ನೂ ಸ್ಥಿರವಾಗದವರೂ ಗರ್ಭಧಾರಣೆಯ ಯೋಚನೆಯುಳ್ಳವರೂ ಶಸ್ತ್ರಕ್ರಿಯೆಯನ್ನು ಮುಂದೂಡುವುದೇ ಕ್ಷೇಮ. ಧೂಮಪಾನಿಗಳು ಕೆಲವು ವಾರ ಮೊದಲೇ ಅದನ್ನು ಬಿಡಬೇಕು.

ವಿದೇಶೀ ಪುಸ್ತಕಗಳು ಹೇಳದ ಒಂದು ಮಾತುಂಟು. ಕುಕ್ಕರುಗಾಲಿನ ಶೌಚಾಲಯ, ನೆಲದ ಮೇಲಿನ ಊಟ, ಲೋಕಲ್ ರೈಲಿನ ನೂಕುನುಗ್ಗಲು ಇವೆಲ್ಲವೂ ಹೊಸ ಹೊಲಿಗೆಯ ಶತ್ರುಗಳು. ಕಚೇರಿಯ ಕುಳಿತ ಕೆಲಸಕ್ಕೆ ಎರಡು ಮೂರು ವಾರಗಳಲ್ಲಿ ಮರಳಬಹುದಾದರೂ, ಶ್ರಮದ ಕೆಲಸಕ್ಕೆ ಸುಮಾರು ಆರು ವಾರ ಬೇಕು. ಊರಿನಿಂದ ತಾಯಿಯನ್ನೋ ಅಕ್ಕನನ್ನೋ ಕರೆಸಿಕೊಳ್ಳುವುದಾದರೆ ಆ ಲೆಕ್ಕವನ್ನೂ ಮುಂಚಿತವಾಗಿ ಮಾಡಬೇಕು.

ಹಣದ ವಿಷಯ. ರೂಪವರ್ಧನೆಯ ಶಸ್ತ್ರಕ್ರಿಯೆಯನ್ನು ಆರೋಗ್ಯ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಬಳಿಕದ ಪುನಾರಚನೆ ಅಥವಾ ವೈದ್ಯಕೀಯವಾಗಿ ಅನಿವಾರ್ಯವೆಂದು ವೈದ್ಯರು ಪ್ರಮಾಣೀಕರಿಸಿದ ಪ್ರಸಂಗಗಳು ಇದಕ್ಕೆ ಅಪವಾದ. ಮಡಿಕೆಗಳಲ್ಲಿ ಪದೇ ಪದೇ ಹುಣ್ಣಾಗುತ್ತಿದ್ದರೆ ಅದರ ಚಿಕಿತ್ಸೆಯ ಕಾಗದಪತ್ರಗಳನ್ನು ಜೋಪಾನವಾಗಿಟ್ಟು ವಿಮಾ ಕಂಪನಿಯನ್ನು ಮೊದಲೇ ಲಿಖಿತವಾಗಿ ಕೇಳಬೇಕು. ತೊಡಕು ಉಂಟಾಗಿ ಮತ್ತೆ ಆಸ್ಪತ್ರೆ ಸೇರಬೇಕಾದರೆ ಆ ವೆಚ್ಚ ಯಾರದೆಂಬುದನ್ನು ಆಸ್ಪತ್ರೆಯಿಂದಲೂ ಬರೆಯಿಸಿಕೊಳ್ಳಬೇಕು.

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೇದಸ್ಸು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ಮರಣಹೊಂದಿದ್ದನ್ನು ಕನ್ನಡಿಗರು ಮರೆತಿರಲಾರರು. ಚಿಕಿತ್ಸಾಲಯದ ಹೊಸ್ತಿಲು ದಾಟುವವರು ಕೇಳಬೇಕಾದುದು ರಿಯಾಯಿತಿಯನ್ನಲ್ಲ: ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನ ಪದವಿಯಿದೆಯೇ, ಅರಿವಳಿಕೆ ತಜ್ಞರು ಕಡೆಯವರೆಗೂ ಇರುತ್ತಾರೆಯೇ, ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ ಎಂಬುದನ್ನು.