ಮೊನಾರ್ಕ್ ಚಿಟ್ಟೆಗಳ ಚಳಿಗಾಲದ ಗಣತಿ

ಮೊನಾರ್ಕ್ ಚಿಟ್ಟೆಗಳ ಚಳಿಗಾಲದ ಗಣತಿಯು ಉತ್ತರ ಅಮೆರಿಕದ ವಲಸೆ ಚಿಟ್ಟೆಯಾದ ಮೊನಾರ್ಕ್‌ನ (ಡನಾಸ್ ಪ್ಲೆಕ್ಸಿಪಸ್) ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನ. ಬೇಸಿಗೆಯಲ್ಲಿ ಇವು ಅಮೆರಿಕ ಸಂಯುಕ್ತ ಸಂಸ್ಥಾನ ಹಾಗೂ ಕೆನಡಾದ ವಿಶಾಲ ಪ್ರದೇಶದಲ್ಲಿ ಚದುರಿರುತ್ತವೆ. ಚಳಿಗಾಲದಲ್ಲಿ ಕೆಲವೇ ನೆಲೆಗಳಲ್ಲಿ ಒಟ್ಟುಗೂಡುವುದರಿಂದ ಗಣತಿಗೆ ಆ ಕಾಲವೇ ಸೂಕ್ತ.

ಮೆಕ್ಸಿಕೊ: ವಿಸ್ತೀರ್ಣದ ಅಳತೆ

ರಾಕಿ ಪರ್ವತಗಳ ಪೂರ್ವದ ಚಿಟ್ಟೆಗಳು ಮಧ್ಯ ಮೆಕ್ಸಿಕೊದಲ್ಲಿ, ಸುಮಾರು 3,000 ಮೀಟರ್ ಎತ್ತರದ ಒಯಾಮೆಲ್ ಮರಗಳ ಕಾಡಿನಲ್ಲಿ ತಂಗುತ್ತವೆ. ಕೊಂಬೆ, ಕಾಂಡಗಳನ್ನು ಪೂರ್ತಿಯಾಗಿ ಮುಚ್ಚುವ ಈ ಗುಂಪುಗಳಲ್ಲಿ ಒಂದೊಂದನ್ನೇ ಎಣಿಸುವುದು ಅಸಾಧ್ಯ. ಆದ್ದರಿಂದ ಚಿಟ್ಟೆಗಳಿರುವ ಮರಗಳ ಹೊರಅಂಚನ್ನು ಗುರುತಿಸಿ, ಒಳಗಿನ ನೆಲದ ವಿಸ್ತೀರ್ಣವನ್ನು ಹೆಕ್ಟೇರುಗಳಲ್ಲಿ ಲೆಕ್ಕ ಹಾಕುತ್ತಾರೆ. ಗುಂಪುಗಳು ಸ್ಥಿರವಾಗಿರುವ ಡಿಸೆಂಬರ್ ತಿಂಗಳ ಅಳತೆಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲಾಗುತ್ತದೆ. 1996–97ರಲ್ಲಿ ಸುಮಾರು 18 ಹೆಕ್ಟೇರ್ ಇದ್ದ ವಿಸ್ತೀರ್ಣ 2013–14ರಲ್ಲಿ 0.67 ಹೆಕ್ಟೇರಿಗೆ ಕುಸಿಯಿತು. ವಲಸೆ ಉಳಿಯಲು ಸರಾಸರಿ 6 ಹೆಕ್ಟೇರ್ ಬೇಕೆಂಬುದು ಸಂರಕ್ಷಣೆಯ ಗುರಿ.

ಸಾಂದ್ರತೆಯ ಸಮಸ್ಯೆ

ವಿಸ್ತೀರ್ಣವನ್ನು ಸಂಖ್ಯೆಗೆ ಪರಿವರ್ತಿಸಲು ಒಂದು ಹೆಕ್ಟೇರಿನಲ್ಲಿ ಎಷ್ಟು ಚಿಟ್ಟೆಗಳಿವೆ ಎಂಬುದು ತಿಳಿಯಬೇಕು. ಗುರುತು ಹಾಕಿ ಬಿಟ್ಟ ಚಿಟ್ಟೆಗಳು ಮತ್ತೆ ಹಿಡಿದವುಗಳಲ್ಲಿ ಎಷ್ಟು ಪ್ರಮಾಣದಲ್ಲಿವೆ ಎಂಬುದರ ಆಧಾರದಿಂದ ಮೊದಲು ಸುಮಾರು 1 ಕೋಟಿ ಎಂದು ಅಂದಾಜಿಸಲಾಗಿತ್ತು. ಗುರುತಿನ ಚಿಟ್ಟೆಗಳು ಉಳಿದವುಗಳೊಂದಿಗೆ ಸಮವಾಗಿ ಬೆರೆಯುತ್ತವೆ ಎಂಬುದು ಈ ಲೆಕ್ಕದ ಆಧಾರ. ಅಲುಗಾಡದೆ ಕುಳಿತ ಗುಂಪುಗಳಲ್ಲಿ ಹಾಗೆ ಆಗುವುದಿಲ್ಲ. 2002ರ ಜನವರಿಯಲ್ಲಿ ಮಳೆ ಮತ್ತು ಕಡುಚಳಿಯಿಂದ ಕೋಟ್ಯಂತರ ಚಿಟ್ಟೆಗಳು ಸತ್ತವು. ನೆಲದ ಸಣ್ಣ ಚೌಕಗಳಲ್ಲಿ ಸತ್ತವುಗಳನ್ನು ಎಣಿಸಿದಾಗ ಹಳೆಯ ಅಂದಾಜು ತೀರ ಕಡಿಮೆಯೆಂದು ಕಂಡುಬಂತು. 2017ರ ಒಂದು ವಿಶ್ಲೇಷಣೆಯ ಪ್ರಕಾರ ಸಾಂದ್ರತೆ ಹೆಕ್ಟೇರಿಗೆ ಸುಮಾರು 70 ಲಕ್ಷದಿಂದ 6 ಕೋಟಿಯವರೆಗೆ ಇರಬಹುದು. ಮಧ್ಯಾಂಕ ಸುಮಾರು 2.1 ಕೋಟಿ.

ಕ್ಯಾಲಿಫೋರ್ನಿಯಾ: ನೇರ ಎಣಿಕೆ

ಪಶ್ಚಿಮದ ಚಿಟ್ಟೆಗಳು ಕ್ಯಾಲಿಫೋರ್ನಿಯಾದ ಕರಾವಳಿಯ ನೀಲಗಿರಿ, ಪೈನ್ ಮರಗಳಲ್ಲಿ ಸಣ್ಣ ಗುಂಪುಗಳಾಗಿ ತಂಗುತ್ತವೆ. ಇಲ್ಲಿ 1997ರಿಂದ ಸ್ವಯಂಸೇವಕರು ನವೆಂಬರ್ ಆಸುಪಾಸಿನಲ್ಲಿ, ಚಿಟ್ಟೆಗಳು ಹಾರಲಾರದ ತಣ್ಣನೆಯ ಮುಂಜಾನೆ ಎಣಿಕೆ ನಡೆಸುತ್ತಾರೆ. ಗುಂಪಿನ ಚಿಕ್ಕ ಭಾಗವೊಂದನ್ನು ಎಣಿಸಿ, ಅಂತಹ ಎಷ್ಟು ಭಾಗಗಳಿವೆ ಎಂದು ನೋಡಿ ಗುಣಿಸುತ್ತಾರೆ. ಮಡಿಸಿದ ರೆಕ್ಕೆಗಳು ಒಣಗಿದ ಎಲೆಗಳಂತೆ ಕಾಣುವುದರಿಂದ ದುರ್ಬೀನು ಅಗತ್ಯ. 2020ರಲ್ಲಿ 2,000ಕ್ಕಿಂತ ಕಡಿಮೆ ಚಿಟ್ಟೆಗಳು ಕಂಡರೆ, ಮರುವರ್ಷ ಸುಮಾರು 2.47 ಲಕ್ಷ ಕಂಡವು.

ಮಿತಿಗಳು

ಚಳಿ ಹೆಚ್ಚಿದಂತೆ ಗುಂಪುಗಳು ಒತ್ತಾಗುವುದರಿಂದ ಸಂಖ್ಯೆ ಬದಲಾಗದಿದ್ದರೂ ವಿಸ್ತೀರ್ಣ ಕುಗ್ಗಬಹುದು. ಆದಕಾರಣ ಒಂದು ವರ್ಷದ ಅಂಕಿಗಿಂತ ಹಲವು ವರ್ಷಗಳ ಏರಿಳಿತವೇ ಹೆಚ್ಚು ವಿಶ್ವಾಸಾರ್ಹ.