ಕಾರು ಷೆಡ್ಡಿನ ಚಲನಾ ಸಂವೇದಿ ದೀಪ

ಚಲನಾ ಸಂವೇದಿ ದೀಪವು ತನ್ನ ಎದುರಿನ ಜಾಗದಲ್ಲಿ ಮನುಷ್ಯರು, ಪ್ರಾಣಿಗಳು ಅಥವಾ ವಾಹನಗಳು ಚಲಿಸಿದಾಗ ತಾನಾಗಿಯೇ ಹೊತ್ತಿಕೊಂಡು, ಚಲನೆ ನಿಂತ ಸ್ವಲ್ಪ ಹೊತ್ತಿನ ಬಳಿಕ ತಾನಾಗಿಯೇ ಆರುವ ವಿದ್ಯುತ್ ದೀಪವಾಗಿದೆ. ಮನೆಯ ಕಾರು ಷೆಡ್ಡು, ಪೋರ್ಟಿಕೊ, ಮೆಟ್ಟಿಲು ಮತ್ತು ಕಾಂಪೌಂಡಿನ ಗೇಟಿನ ಬಳಿ ಇದನ್ನು ಹೆಚ್ಚಾಗಿ ಅಳವಡಿಸಲಾಗುತ್ತದೆ. ಇದರಲ್ಲಿ ಮೂರು ಭಾಗಗಳಿರುತ್ತವೆ: ಚಲನೆಯನ್ನು ಗ್ರಹಿಸುವ ಸಂವೇದಿ (ಸೆನ್ಸರ್), ಸಂವೇದಿಯ ಸೂಚನೆಯಂತೆ ವಿದ್ಯುತ್ತನ್ನು ಹರಿಸುವ ಅಥವಾ ತಡೆಯುವ ಸ್ವಿಚ್ಚು ಮತ್ತು ದೀಪ.

ಹೆಸರು ಮತ್ತು ಬಳಕೆ

ಇಂಗ್ಲಿಷಿನಲ್ಲಿ ಗ್ಯಾರೇಜ್ ಎಂಬ ಪದವು ಮನೆಯಲ್ಲಿ ವಾಹನ ನಿಲ್ಲಿಸುವ ಕೋಣೆಯನ್ನೂ ಸೂಚಿಸುತ್ತದೆ. ಕನ್ನಡದ ಆಡುಮಾತಿನಲ್ಲಿ ಗ್ಯಾರೇಜ್ ಎಂದರೆ ಸಾಮಾನ್ಯವಾಗಿ ವಾಹನ ದುರಸ್ತಿಯ ಅಂಗಡಿ. ಮನೆಯಲ್ಲಿ ವಾಹನ ನಿಲ್ಲಿಸುವ ಜಾಗಕ್ಕೆ ಕಾರು ಷೆಡ್ಡು ಅಥವಾ ಪೋರ್ಟಿಕೊ ಎನ್ನುವುದು ರೂಢಿ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಕಡೆಯ ಮನೆಗಳಲ್ಲಿ ಇದು ಬಹುಮಟ್ಟಿಗೆ ಮುಂದುಗಡೆ ಶೀಟು ಅಥವಾ ತಾರಸಿ ಹೊದಿಸಿದ, ಒಂದೆರಡು ಕಡೆ ತೆರೆದಿರುವ ಜಾಗ. ಕಾರಿನ ಜೊತೆಗೆ ಬೈಕು, ಸೌದೆ, ಗೊಬ್ಬರದ ಚೀಲ ಮತ್ತು ಹಳೆಯ ಸಾಮಾನುಗಳೂ ಅಲ್ಲಿಯೇ ಇರುವುದುಂಟು.

ಇಂತಹ ಜಾಗದ ದೀಪದ ಸ್ವಿಚ್ಚು ಸಾಮಾನ್ಯವಾಗಿ ಮನೆಯ ಒಳಗೆ, ನಡುಬಾಗಿಲಿನ ಪಕ್ಕದಲ್ಲಿರುತ್ತದೆ. ರಾತ್ರಿ ಹೊರಗಿನಿಂದ ಬಂದವರು ಗೇಟು ತೆರೆದು, ವಾಹನವನ್ನು ಒಳಗಿಟ್ಟು, ಕೈಯಲ್ಲಿ ಚೀಲ ಹಿಡಿದು ಬಾಗಿಲು ತಲುಪುವವರೆಗೂ ಕತ್ತಲೆಯಲ್ಲಿಯೇ ನಡೆಯಬೇಕು. ಚಲನಾ ಸಂವೇದಿ ದೀಪದ ಮುಖ್ಯ ಪ್ರಯೋಜನವು ಈ ಹತ್ತಿಪ್ಪತ್ತು ಹೆಜ್ಜೆಗಳಿಗೆ ಸಂಬಂಧಿಸಿದ್ದು.

ಹಿನ್ನೆಲೆ

ವಿದ್ಯುತ್ತಿನ ಇತಿಹಾಸದಲ್ಲಿ ಮಂಡ್ಯ ಸೀಮೆಗೆ ವಿಶೇಷ ಸ್ಥಾನವಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಉತ್ಪಾದಿಸಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಇದೇ ವಿದ್ಯುತ್ತಿನಿಂದ ಬೆಳಗಿದವು. ಈಗ ಮಂಡ್ಯ ಜಿಲ್ಲೆಯಲ್ಲಿ ವಿದ್ಯುತ್ ವಿತರಣೆಯ ಹೊಣೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು.

ಸಂವೇದಿಯ ಹಿಂದಿರುವ ವಿಜ್ಞಾನ ಇನ್ನೂ ಹಳೆಯದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಗುರುತಿಸಿದರು. ಸಂವೇದಿಯ ಮುಖದ ಮೇಲಿರುವ ಬಿಳಿಯ ಪ್ಲಾಸ್ಟಿಕ್ ಮಸೂರವು ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ (1788–1827) ಅವರು ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರದ ತತ್ತ್ವವನ್ನು ಅನುಸರಿಸುತ್ತದೆ.

ಕೆಲಸ ಮಾಡುವ ಬಗೆ

ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಐಆರ್ ಎಂಬ ಅವಕೆಂಪು ಸಂವೇದಿ. ಇದು ತಾನಾಗಿ ಯಾವ ಕಿರಣವನ್ನೂ ಹೊರಸೂಸುವುದಿಲ್ಲ. ಎದುರಿನ ವಸ್ತುಗಳಿಂದ ಬರುವ ಶಾಖದ ಕಿರಣಗಳನ್ನು ಮಾತ್ರ ಗ್ರಹಿಸುತ್ತದೆ. ಮನುಷ್ಯನ ದೇಹವು ಮುಖ್ಯವಾಗಿ 9ರಿಂದ 10 ಮೈಕ್ರೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಇಂತಹ ಕಿರಣಗಳನ್ನು ಸೂಸುತ್ತದೆ. ಸಂವೇದಿಯ ಒಳಗೆ ಎರಡು ಪುಟ್ಟ ಹರಳುಗಳಿದ್ದು, ಅವು ಒಂದಕ್ಕೊಂದು ವಿರುದ್ಧವಾಗಿ ಜೋಡಣೆಯಾಗಿರುತ್ತವೆ. ಎರಡರ ಮೇಲೂ ಒಂದೇ ಪ್ರಮಾಣದ ಶಾಖ ಬಿದ್ದರೆ ಪರಿಣಾಮ ಪರಸ್ಪರ ರದ್ದಾಗುತ್ತದೆ. ವ್ಯಕ್ತಿಯೊಬ್ಬನು ಅಡ್ಡಲಾಗಿ ಹಾದುಹೋದಾಗ ಮೊದಲು ಒಂದರ ಮೇಲೆ, ಬಳಿಕ ಇನ್ನೊಂದರ ಮೇಲೆ ಶಾಖ ಬೀಳುವುದರಿಂದ ವಿದ್ಯುತ್ ಸಂಕೇತ ಉಂಟಾಗಿ ದೀಪ ಹೊತ್ತುತ್ತದೆ.

ಈ ರಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಂವೇದಿಯತ್ತ ನೇರವಾಗಿ ನಡೆದು ಬರುವವರಿಗಿಂತ ಅದರ ಮುಂದೆ ಅಡ್ಡಲಾಗಿ ಹಾಯುವವರನ್ನು ಅದು ಬೇಗ ಗುರುತಿಸುತ್ತದೆ. ಎರಡನೆಯದಾಗಿ, ಅದು ಗ್ರಹಿಸುವುದು ದೇಹವನ್ನಲ್ಲ, ದೇಹಕ್ಕೂ ಹಿನ್ನೆಲೆಗೂ ನಡುವಿನ ಶಾಖದ ವ್ಯತ್ಯಾಸವನ್ನು. ಬೇಸಿಗೆಯಲ್ಲಿ ಕಾದ ಶೀಟು ಮತ್ತು ಗೋಡೆಗಳ ಉಷ್ಣತೆ ಸಂಜೆಯ ಹೊತ್ತಿನಲ್ಲಿ ಮನುಷ್ಯನ ಚರ್ಮದ ಉಷ್ಣತೆಗೆ ಸಮೀಪವಾಗಿರುತ್ತದೆ. ಆಗ ಸಂವೇದಿಯ ವ್ಯಾಪ್ತಿ ಕುಗ್ಗುತ್ತದೆ. ಚಳಿಗಾಲದಲ್ಲಿ ಚೆನ್ನಾಗಿದ್ದ ದೀಪ ಏಪ್ರಿಲ್ ತಿಂಗಳಿನಲ್ಲಿ ತಡವಾಗಿ ಹೊತ್ತುವುದಕ್ಕೆ ಇದೇ ಕಾರಣವಿರಬಹುದು, ಉಪಕರಣ ಕೆಟ್ಟಿರಲೇಬೇಕೆಂದಿಲ್ಲ.

ಇನ್ನೊಂದು ಬಗೆಯದು ಮೈಕ್ರೊವೇವ್ ಸಂವೇದಿ. ಇದು ರೇಡಿಯೊ ಅಲೆಗಳನ್ನು (ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್) ಸೂಸಿ, ಮರಳಿ ಬರುವ ಅಲೆಯ ಬದಲಾವಣೆಯಿಂದ ಚಲನೆಯನ್ನು ತಿಳಿಯುತ್ತದೆ. ಸೆಕೆ ಇದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಇದರ ಅಲೆಗಳು ಗಾಜು, ಪ್ಲೈವುಡ್ ಮತ್ತು ತೆಳು ಗೋಡೆಗಳನ್ನು ದಾಟುವುದರಿಂದ ರಸ್ತೆಯಲ್ಲಿ ಹೋಗುವವರಿಗೂ ದೀಪ ಹೊತ್ತಬಹುದು. ಪಿಐಆರ್ ಸಂವೇದಿಗೆ ಗಾಜಿನ ಆಚೆಗಿನದು ಕಾಣುವುದಿಲ್ಲ. ಆದ್ದರಿಂದ ಅದನ್ನು ಕಿಟಕಿಯ ಒಳಗಿನಿಂದ ಹೊರಮುಖವಾಗಿ ಇಡುವುದು ವ್ಯರ್ಥ.

ಸ್ಥಳದ ಆಯ್ಕೆ

ಗೋಡೆಯ ಸಂವೇದಿಯನ್ನು ನೆಲದಿಂದ ಸುಮಾರು 2ರಿಂದ 2.5 ಮೀಟರ್ ಎತ್ತರದಲ್ಲಿ, ನಡೆಯುವ ದಾರಿಗೆ ಅಡ್ಡಲಾಗಿ ನೋಡುವಂತೆ ಕೂರಿಸುವುದು ಸೂಕ್ತ. ಗೇಟಿಗೆ ನೇರವಾಗಿ ಮುಖ ಮಾಡಿದರೆ ಬರುವವರು ಸಮೀಪಿಸುವವರೆಗೂ ದೀಪ ಹೊತ್ತದಿರಬಹುದು. ಚಾವಣಿಯ ಸಂವೇದಿಯು ಸುತ್ತಲೂ ಗ್ರಹಿಸುವುದರಿಂದ ನಡುವೆ ಇರಬೇಕು. ಕಾರು ನಿಂತಾಗ ಸಂವೇದಿಯ ನೋಟ ಮರೆಯಾಗದಂತೆ ನೋಡಿಕೊಳ್ಳಬೇಕು. ಕಾರಿಲ್ಲದ ಹಗಲಿನಲ್ಲಿ ಜಾಗ ಗುರುತಿಸಿ ಅಳವಡಿಸುವಾಗ ಆಗುವ ಸಾಮಾನ್ಯ ತಪ್ಪು ಇದು.

ಆಗತಾನೆ ಬಂದು ನಿಂತ ಕಾರಿನ ಬಿಸಿ ಎಂಜಿನ್, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಬಿಸಿಗಾಳಿ, ಬೆಕ್ಕು ಹಾಗೂ ಬೀದಿನಾಯಿಗಳು ಅನಗತ್ಯವಾಗಿ ದೀಪವನ್ನು ಹೊತ್ತಿಸಬಲ್ಲವು. ಮಸೂರದ ಒಂದು ಭಾಗವನ್ನು ಪಟ್ಟಿಯಿಂದ ಮುಚ್ಚಿ ಆ ದಿಕ್ಕಿನ ಗ್ರಹಿಕೆಯನ್ನು ತಡೆಯಬಹುದು. ಮಳೆಯ ಎರಚಲು ತಾಗುವ ಜಾಗಕ್ಕೆ ಐಪಿ 44 ಅಥವಾ ಅದಕ್ಕಿಂತ ಹೆಚ್ಚಿನ ರಕ್ಷಣೆಯ ಉಪಕರಣ ಬೇಕಾಗುತ್ತದೆ.

ವೈರಿಂಗ್

ಅತ್ಯಂತ ಸರಳವಾದ ವಿಧಾನವೆಂದರೆ, ಒಳಗೇ ಸಂವೇದಿಯಿರುವ ಎಲ್‌ಇಡಿ ಬಲ್ಬನ್ನು ಈಗಿರುವ ಹೋಲ್ಡರಿಗೆ ಹಾಕಿ, ಗೋಡೆಯ ಸ್ವಿಚ್ಚನ್ನು ಸದಾ ಆನ್ ಸ್ಥಿತಿಯಲ್ಲಿ ಬಿಡುವುದು. ಇದಕ್ಕೆ ವೈರಿಂಗ್ ಬದಲಾವಣೆ ಬೇಕಿಲ್ಲ. ಆದರೆ ಹೋಲ್ಡರ್ ಇದ್ದಲ್ಲಿಯೇ ಸಂವೇದಿಯೂ ಇರಬೇಕಾಗುತ್ತದೆ.

ಪ್ರತ್ಯೇಕ ಸಂವೇದಿಯಲ್ಲಿ ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ: ಒಳಬರುವ ಫೇಸ್, ನ್ಯೂಟ್ರಲ್ ಮತ್ತು ದೀಪಕ್ಕೆ ಹೋಗುವ ಫೇಸ್. ದೀಪದ ನ್ಯೂಟ್ರಲ್ ನೇರವಾಗಿ ಜೋಡಣೆಯಾಗುತ್ತದೆ. ವೈರಿನ ಬಣ್ಣಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಪೆಟ್ಟಿಗೆಯೊಳಗಿನ ನಕ್ಷೆಯನ್ನೇ ಅನುಸರಿಸಬೇಕು. ಹಳೆಯ ಮನೆಗಳ ಕೆಲವು ಸ್ವಿಚ್ ಬೋರ್ಡುಗಳಲ್ಲಿ ನ್ಯೂಟ್ರಲ್ ಇರುವುದಿಲ್ಲ. ಆಗ ದೀಪದ ಹೋಲ್ಡರ್ ಇರುವ ಕಡೆಯಿಂದ ಸಂಪರ್ಕ ಪಡೆಯಲಾಗುತ್ತದೆ. ಸಂವೇದಿಗೆ ಸಮಾನಾಂತರವಾಗಿ ಒಂದು ಸ್ವಿಚ್ಚನ್ನು ಜೋಡಿಸಿದರೆ, ಬೇಕೆನಿಸಿದಾಗ ದೀಪವನ್ನು ನಿರಂತರವಾಗಿ ಉರಿಸಬಹುದು.

ಭಾರತದ ಮನೆಗಳ 230 ವೋಲ್ಟ್ ವಿದ್ಯುತ್ತು ಪ್ರಾಣಾಪಾಯಕಾರಿ. ಕೆಲಸಕ್ಕೆ ಮುನ್ನ ಮೈನ್ ಸ್ವಿಚ್ಚನ್ನು ಆಫ್ ಮಾಡಿ, ಟೆಸ್ಟರಿನಿಂದ ಖಚಿತಪಡಿಸಿಕೊಳ್ಳಬೇಕು. ಬಲ್ಬು ಅಥವಾ ಸ್ವಿಚ್ಚನ್ನು ಬದಲಿಸುವಂತಹ ಸಣ್ಣ ಕೆಲಸಗಳನ್ನು ಬಿಟ್ಟು, ವೈರಿಂಗಿಗೆ ಹೊಸ ಸೇರ್ಪಡೆಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂಬುದು ವಿದ್ಯುತ್ ಸುರಕ್ಷತಾ ನಿಯಮಗಳ ಆಶಯ. ನೆಲ ಒದ್ದೆಯಾಗುವ ಷೆಡ್ಡಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ರಕ್ಷಣೆ ಇರುವುದು ಅವಶ್ಯಕ.

ಹೊಂದಾಣಿಕೆ

ಅನೇಕ ಸಂವೇದಿಗಳಲ್ಲಿ ಎರಡು ಅಥವಾ ಮೂರು ತಿರುಪುಗಳಿರುತ್ತವೆ. ಮೊದಲನೆಯದು ದೀಪ ಉರಿಯುವ ಅವಧಿಗೆ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಇದನ್ನು ಬದಲಿಸಬಹುದು. ಎರಡನೆಯದು ಸೂರ್ಯ ಮತ್ತು ಚಂದ್ರರ ಚಿಹ್ನೆಯಿರುವ ಬೆಳಕಿನ ತಿರುಪು. ಚಂದ್ರನತ್ತ ತಿರುಗಿಸಿದರೆ ಕತ್ತಲಾದ ಮೇಲೆ ಮಾತ್ರ ದೀಪ ಹೊತ್ತುತ್ತದೆ. ಮೂರನೆಯದು ಗ್ರಹಿಕೆಯ ದೂರಕ್ಕೆ. ಪರೀಕ್ಷಿಸುವಾಗ ಅವಧಿಯನ್ನು ಕನಿಷ್ಠಕ್ಕೂ ಬೆಳಕಿನ ತಿರುಪನ್ನು ಸೂರ್ಯನತ್ತಲೂ ಇಟ್ಟು, ಷೆಡ್ಡಿನಲ್ಲಿ ನಡೆದಾಡಿ ನೋಡಬೇಕು. ವಿದ್ಯುತ್ ಬಂದ ಮೊದಲ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಪಿಐಆರ್ ಸಂವೇದಿ ಸ್ಥಿರಗೊಳ್ಳುತ್ತಿರುತ್ತದೆ. ಕರೆಂಟು ಹೋಗಿ ಬಂದಾಗ ಯಾರೂ ಇಲ್ಲದಿದ್ದರೂ ದೀಪ ಹೊತ್ತುವುದು ಇದರಿಂದ.

ವಿದ್ಯುತ್ ಉಳಿತಾಯ

60 ವ್ಯಾಟಿನ ಹಳೆಯ ಬುರುಡೆ ಬಲ್ಬು ರಾತ್ರಿಯಿಡೀ 12 ಗಂಟೆ ಉರಿದರೆ 30 ದಿನಕ್ಕೆ 21.6 ಯೂನಿಟ್ ಖರ್ಚಾಗುತ್ತದೆ. ಅದೇ ಅವಧಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 3.24 ಯೂನಿಟ್ ಸಾಕು. ಎಲ್‌ಇಡಿಗೆ ಸಂವೇದಿ ಸೇರಿಸಿ, ದಿನಕ್ಕೆ ಒಟ್ಟು 20 ನಿಮಿಷ ಉರಿಯುತ್ತದೆಂದೂ ಸಂವೇದಿ ಸದಾ ಅರ್ಧ ವ್ಯಾಟ್ ಬಳಸುತ್ತದೆಂದೂ ಲೆಕ್ಕ ಹಾಕಿದರೆ ತಿಂಗಳಿಗೆ 0.45 ಯೂನಿಟ್ ಆಗುತ್ತದೆ. ಅಂದರೆ ದೊಡ್ಡ ಉಳಿತಾಯ ಬಲ್ಬನ್ನು ಬದಲಿಸುವುದರಿಂದ ಬರುತ್ತದೆ. ಸಂವೇದಿಯಿಂದ ಬರುವುದು ಮೂರು ಯೂನಿಟ್‌ಗಿಂತ ಕಡಿಮೆ. ಸಂಜೆ ದೀಪ ಹಾಕುವ ಅಭ್ಯಾಸವೇ ಇಲ್ಲದ ಷೆಡ್ಡಿನಲ್ಲಿ ಸಂವೇದಿಯಿಂದ ಉಳಿತಾಯವೇನೂ ಇಲ್ಲ. ಅಲ್ಲಿ ಅದರ ಸಾರ್ಥಕತೆ ಇರುವುದು ಸುರಕ್ಷತೆಯಲ್ಲಿ.

ಸುರಕ್ಷತೆ ಮತ್ತು ಮಿತಿಗಳು

ಗುತ್ತಲಿನಂತಹ, ಮನೆಗಳ ಸಾಲು ಮುಗಿದರೆ ಗದ್ದೆ ಅಥವಾ ಕಬ್ಬಿನ ತೋಟ ಸಿಗುವ ಕಡೆಗಳಲ್ಲಿ ಇಲಿಗಳನ್ನು ಅರಸಿ ಹಾವುಗಳು ಷೆಡ್ಡಿಗೆ ಬರುವುದುಂಟು. ವಿಷಕಾರಿಯಾದ ಕಟ್ಟುಹಾವು ಮತ್ತು ಕೊಳಕುಮಂಡಲ ಹೆಚ್ಚಾಗಿ ರಾತ್ರಿಯ ವೇಳೆ ಸಂಚರಿಸುತ್ತವೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಾಲಿಡುವ ಮೊದಲೇ ನೆಲ ಕಾಣುವಂತೆ ಮಾಡುವುದು ಸಂವೇದಿ ದೀಪದ ಬಹುದೊಡ್ಡ ಉಪಕಾರ.

ಆದರೆ ಈ ದೀಪ ಹಾವಿನ ಬರವನ್ನು ತಿಳಿಸುವುದಿಲ್ಲ. ಹಾವು ಶೀತರಕ್ತದ ಪ್ರಾಣಿಯಾದ್ದರಿಂದ ಅದರ ಮೈಯ ಉಷ್ಣತೆ ಸುತ್ತಲಿನ ನೆಲದ ಉಷ್ಣತೆಗೆ ಸಮೀಪವಾಗಿರುತ್ತದೆ. ಪಿಐಆರ್ ಸಂವೇದಿಗೆ ಅದು ಸಾಮಾನ್ಯವಾಗಿ ಗೋಚರಿಸುವುದಿಲ್ಲ. ಷೆಡ್ಡು ಕತ್ತಲೆಯಾಗಿದೆ ಎಂದಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದು ಭಾವಿಸಬಾರದು. ಅಂತೆಯೇ, ಕದಲದೆ ನಿಂತ ಅಥವಾ ಬಿದ್ದು ಅಲುಗಾಡದ ವ್ಯಕ್ತಿಯನ್ನು ಈ ಸಂವೇದಿ ಗುರುತಿಸದು. ಬಾಗಿ ಕೂತು ಕೆಲಸ ಮಾಡುತ್ತಿರುವಾಗ ದೀಪ ಆರುವುದಕ್ಕೂ ಇದೇ ಕಾರಣ. ವೃದ್ಧರಿರುವ ಮನೆಗಳಲ್ಲಿ ಅವಧಿಯನ್ನು ಹೆಚ್ಚಿಸಿ ಇಡುವುದು ಒಳಿತು.

ವಿದ್ಯುತ್ ನಿಂತಾಗ, ಯುಪಿಎಸ್ ಲೈನಿಗೆ ಸೇರದ ಸಂವೇದಿ ದೀಪವೂ ನಿಲ್ಲುತ್ತದೆ. ಆದ್ದರಿಂದ ಷೆಡ್ಡಿನ ಮೂಲೆಗಳನ್ನು ಚೊಕ್ಕಟವಾಗಿಡುವುದು, ಸೌದೆ ಮತ್ತು ಚೀಲಗಳನ್ನು ನೆಲದಿಂದ ಎತ್ತರದಲ್ಲಿಡುವುದು ಹಾಗೂ ಕೈಗೆಟುಕುವಂತೆ ಒಂದು ಟಾರ್ಚ್ ಇಟ್ಟುಕೊಳ್ಳುವುದು ಸಂವೇದಿ ದೀಪವಿರುವ ಮನೆಯಲ್ಲಿಯೂ ಅಗತ್ಯವಾಗಿಯೇ ಉಳಿಯುತ್ತದೆ.