ಮೊಳಕೆಯೋ, ಡೊಂಕು ಮರವೋ?

ತಪ್ಪು ಮಾಡಿದ ಬಾಲಕನನ್ನು ಎದುರಿಗೆ ನಿಲ್ಲಿಸಿಕೊಂಡಾಗ ಉಪಾಧ್ಯಾಯರಾದ ನಮ್ಮನ್ನು ಒಂದು ಪ್ರಶ್ನೆ ಕಾಡುತ್ತದೆ. ಇವನ ಹುಟ್ಟುಗುಣವೇ ಕೆಟ್ಟದ್ದೋ, ಅಥವಾ ಒಳ್ಳೆಯ ಗುಣವು ನಡುವೆ ಕೆಟ್ಟುಹೋಯಿತೋ? ತಂದೆತಾಯಿಗಳಿಗೂ ಈ ಪ್ರಶ್ನೆ ಹೊಸತಲ್ಲ.

ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾ ದೇಶದ ಚಿಂತಕರು ಇದನ್ನೇ ಕುರಿತು ಆಳವಾಗಿ ವಾದಿಸಿದರು. ಮಾನವರೆಲ್ಲರೂ ಹುಟ್ಟಿನಿಂದ ಹೆಚ್ಚುಕಡಮೆ ಒಂದೇ ಬಗೆಯವರು, ಅವರಲ್ಲಿ ಅಂತರವನ್ನು ತರುವುದು ರೂಢಿ ಎಂಬುದಷ್ಟೇ ಕನ್‌ಫ್ಯೂಷಿಯಸನ (ಕ್ರಿ. ಪೂ. 551–479) ಅಭಿಪ್ರಾಯವಾಗಿತ್ತು.

ಕ್ರಿ. ಪೂ. 4ನೆಯ ಶತಮಾನದಲ್ಲಿ ಅವನ ಮಾರ್ಗವನ್ನು ಮುಂದುವರಿಸಿದ ಮೆನ್ಸಿಯಸನು ಮಾನವಸ್ವಭಾವವು ಒಳ್ಳೆಯದೆಂದೇ ಸಾರಿದನು. ಬಾವಿಗೆ ಬೀಳಲಿರುವ ಕೂಸನ್ನು ಕಂಡರೆ ಯಾರ ಎದೆಯಾದರೂ ಝಲ್ಲೆನ್ನುತ್ತದೆ. ಅದು ಹೊಗಳಿಕೆಯ ಆಸೆಯಿಂದಲ್ಲ. ಕರುಣೆ, ಲಜ್ಜೆ, ವಿನಯ, ಸರಿತಪ್ಪುಗಳ ವಿವೇಕ ಇವು ನಾಲ್ಕೂ ಮನಸ್ಸಿನ ಮೊಳಕೆಗಳೆಂದು ಅವನ ಮತ. ಮರ ಕಡಿದು, ದನ ಮೇಯಿಸಿ ಬೋಳಾದ ಬೆಟ್ಟವನ್ನು ಕಂಡು, ಇಲ್ಲಿ ಮರಗಳೇ ಇರಲಿಲ್ಲವೆನ್ನುವುದು ತಪ್ಪೆಂದು ಅವನು ಎಚ್ಚರಿಸಿದನು. ಪೈರು ಬೇಗ ಬೆಳೆಯಲೆಂದು ಸಸಿಗಳನ್ನು ಮೇಲಕ್ಕೆಳೆದು ಒಣಗಿಸಿದ ಸುಂಗ್ ರಾಜ್ಯದ ರೈತನ ಕಥೆಯೂ ಅವನದೇ.

ಕ್ರಿ. ಪೂ. 3ನೆಯ ಶತಮಾನದ ಷುನ್‌ತ್ಸು ಇದನ್ನು ಒಪ್ಪಲಿಲ್ಲ. ಲಾಭದ ಆಸೆ, ಮತ್ಸರಗಳು ಹುಟ್ಟಿನಿಂದಲೇ ಬಂದವು. ಅವನ್ನು ಹರಿಯಬಿಟ್ಟರೆ ಕಲಹವೇ ಫಲ. ಡೊಂಕು ಮರವನ್ನು ಹಬೆಗೆ ಹಿಡಿದು ನೇರಮಾಡಬೇಕು, ಮೊಂಡು ಲೋಹವನ್ನು ಸಾಣೆ ಹಿಡಿಯಬೇಕು. ಅಂತೆಯೇ ಗುರು, ಸದಾಚಾರ ಮತ್ತು ಸತತ ಪ್ರಯತ್ನಗಳಿಂದಲೇ ಒಳ್ಳೆಯತನವು ಮೂಡುವುದೆಂದು ಅವನು ವಾದಿಸಿದನು.

ವಿಸ್ಮಯದ ಸಂಗತಿಯೆಂದರೆ, ಬೇರೆಬೇರೆ ದಾರಿ ಹಿಡಿದ ಇವರಿಬ್ಬರೂ ಒಂದೇ ಊರನ್ನು ತಲಪಿದರು. ಯಾವ ಮನುಷ್ಯನೂ ಯಾವೋ, ಷುನ್ ಎಂಬ ಪುರಾತನ ಆದರ್ಶ ಅರಸರಂತಾಗಬಲ್ಲನೆಂದು ಮೆನ್ಸಿಯಸನು ನಂಬಿದನು. ಬೀದಿಯಲ್ಲಿ ಹೋಗುವವನೂ ಪುಣ್ಯಪುರುಷ ಯೂವಿನಂತಾಗಬಲ್ಲನೆಂದು ಷುನ್‌ತ್ಸುವೂ ಹೇಳಿದನು. ಸ್ವಭಾವವನ್ನು ಕೆಟ್ಟದ್ದೆಂದವನು ಕೂಡ ಯಾರನ್ನೂ ಕೈಬಿಡಲಿಲ್ಲ!

ನಾವಾದರೋ? 'ಇವನು ಉದ್ಧಾರವಾಗುವವನಲ್ಲ' ಎಂಬ ಮಾತು ನಮ್ಮ ಬಾಯಿಂದಲೇ ಎಷ್ಟೋ ಸಲ ಹೊರಟಿದೆ. ಆ ಮಾತಿಗೆ ಈ ಇಬ್ಬರಲ್ಲಿ ಒಬ್ಬರ ಬೆಂಬಲವೂ ದೊರೆಯದು. ಅಂಕಗಳಿಗಾಗಿ ಸಸಿಯನ್ನು ಮೇಲಕ್ಕೆಳೆದ ತಪ್ಪೂ ನಮ್ಮದೇ; ಬೋಳು ಬೆಟ್ಟವನ್ನು ಕಂಡು, ಮರ ಕಡಿದವರಾರೆಂದು ಕೇಳದೆ ಹೋದ ತಪ್ಪೂ ನಮ್ಮದೇ.

ಮಗುವಿನಲ್ಲಿ ಮೊಳಕೆಯಿದೆಯೆಂದು ನಂಬಿ ನೀರೆರೆಯೋಣ. ಡೊಂಕು ಕಂಡಲ್ಲಿ ತಾಳ್ಮೆಯಿಂದ ತಿದ್ದೋಣ. ಮನೆಯೂ ಶಾಲೆಯೂ ಕೈಜೋಡಿಸಿದರೆ ಮಾತ್ರ ಇವೆರಡೂ ಸಾಧ್ಯ.